ಗೌರಮ್ಮನ ಅಗ್ಗಿಷ್ಟಿಕೆ, ನಮ್ಮ ತೊಟ್ಟಿಲು

ಆಗೆಲ್ಲ ನಮ್ಮ ಹರಿಹರದ ಓಣಿಯಲ್ಲಿ ಕೂಸು ಹುಟ್ಟಿದರೆ ಯಾರೂ ತೊಟ್ಟಿಲು ಕೊಳ್ಳುತ್ತಿರಲಿಲ್ಲ. ನಮ್ಮ ಮನೆಗೆ ಬಂದು ಕೇಳುತ್ತಿದ್ದರು. ನನ್ನ ದಾದಿಗೆ, ಅಂದರೆ ಅಬ್ಬಾನ ತಾಯಿಗೆ, ತವರಿನವರು ಕೊಟ್ಟ ಸಾಗವಾನಿ ತೊಟ್ಟಿಲು ಅದು. ಮೂಲೆಗೊಂದು ಗಿಳಿ, ಪಕ್ಕದ ಹಲಗೆಗೆ ಹೂಬಳ್ಳಿ, ಮೇಲೆ ಕೆಂಪು ಹಸಿರು ಅರಗಿನ ಬಣ್ಣ. ಹಿಂದೂ ಮನೆ, ಮುಸಲ್ಮಾನರ ಮನೆ ಅಂತಿಲ್ಲ, ಓಣಿಯ ಗಂಡಸರೆಲ್ಲ ಅದರಲ್ಲೇ ಮಲಗಿ ಬೆಳೆದವರು. ಯಾರಾದರೂ ಮೀಸೆ ತಿರುವಿ ಜಂಬ ಮಾಡಿದರೆ ದಾದಿ ಬಿಡುತ್ತಿರಲಿಲ್ಲ. "ನನ್ನ ತೊಟ್ಟಿಲು ತೋಯಿಸಿದವನು, ನನ್ನ ಮುಂದೇ ಹಾರಾಡ್ತಾನೆ ನೋಡು!" ಎನ್ನುತ್ತಿದ್ದಳು.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಚಳಿಗಾಲದಲ್ಲಿ ಎದುರು ಮನೆ ಗೌರಮ್ಮನ ಸೊಸೆ ಹಡೆದಳು. ತೊಟ್ಟಿಲು ಅಲ್ಲಿಗೆ ಹೋಯಿತು. ಗೌರಮ್ಮ ದಾದಿಯ ಓರಗೆಯವಳು, ಇಬ್ಬರದೂ ಎಲೆಅಡಿಕೆ ಒಂದೇ ಚೀಲದ್ದು. ಅವಳ ಮಾಳಿಗೆ ಮನೆಯನ್ನು ಕಟ್ಟಿಸಿದವರು ಯಾರು ಅಂತ ಅವಳಿಗೇ ಗೊತ್ತಿರಲಿಲ್ಲ, ಅಷ್ಟು ಹಳೆಯದು. ಗೋಡೆ ಮಣ್ಣಿನವು, ಕಿಟಕಿಯಲ್ಲಿ ನಾನು ಕಾಲು ಚಾಚಿ ಕೂರುವಷ್ಟು ದಪ್ಪ. ನಡುಮನೆಯ ಕಂಬ ತಬ್ಬಿದರೆ ನನ್ನ ಕೈ ಕೂಡುತ್ತಿರಲಿಲ್ಲ. ಒಲೆಯ ಹೊಗೆ ಮಾಳಿಗೆಯ ಬೆಳಕಿಂಡಿ ಸೇರುವ ಮೊದಲು ಇಡೀ ಮನೆ ಸುತ್ತಿ ಬರುತ್ತಿತ್ತು. ತೊಲೆ, ಜಂತೆಗಳೆಲ್ಲ ಕಾಡಿಗೆ ಕಪ್ಪು. ಕಣ್ಣು ಉರಿಯುತ್ತೆ ಅಂತ ನಾನು ಗೊಣಗಿದರೆ ಗೌರಮ್ಮ ನಗುತ್ತಿದ್ದಳು.

"ಉರೀಲಿ ಬಿಡೇ. ಈ ಹೊಗಿ ಇರೋತನಕ ನಮ್ಮನಿ ಕಟ್ಟಿಗಿಗೆ ನುಸಿ ಬರಂಗಿಲ್ಲ."

ಬಾಣಂತಿ ಕೋಣೆ ಇನ್ನೂ ಒಂದು ಕೈ ಮೇಲು. ಕಿಟಕಿಗೆ ಗೋಣಿತಾಟು ತುರುಕಿ, ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರು. ಅದರ ಪಕ್ಕಕ್ಕೇ ನಮ್ಮ ತೊಟ್ಟಿಲು. ಓಮ, ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ ಎಲ್ಲ ಕೆಂಡಕ್ಕೆ ಬೀಳುತ್ತಿತ್ತು. ಕೂಸು ನೋಡಲು ಒಳಗೆ ಹೋದರೆ ತುಟಿ ಒಣಗಿ, ಗಂಟಲು ಕಟ್ಟಿ, ನೀರಿಗೆ ಹೊರಗೆ ಓಡಿ ಬರುತ್ತಿದ್ದೆ. ನನಗೇ ಹಾಗಾದರೆ ಹಗಲೂ ರಾತ್ರಿ ಅಲ್ಲೇ ಇದ್ದ ಮರಕ್ಕೆ ಏನಾಗಿರಬೇಡ! ಆದರೆ ಆಗ ಯಾರಿಗೂ ಅದು ಹೊಳೆಯಲಿಲ್ಲ. ಬಾಣಂತಿ ಬೆಚ್ಚಗಿದ್ದಳು, ಅಷ್ಟು ಸಾಕಾಗಿತ್ತು.

ಬಿಸಿಲು ಚುರುಕಾಗುವ ಹೊತ್ತಿಗೆ ತೊಟ್ಟಿಲು ವಾಪಸು ಬಂತು. ದಾವಣಗೆರೆಗೆ ಕೊಟ್ಟಿದ್ದ ನನ್ನ ಅಕ್ಕ, ಆಪಾ, ಚೊಚ್ಚಲ ಬಸುರಿ, ಹೆರಿಗೆಗೆ ನಮ್ಮಲ್ಲಿಗೆ ಬರುವವಳಿದ್ದಳು. ದಾದಿ ತೊಟ್ಟಿಲು ಒರೆಸಲು ಕೂತಳು. ಕೈ ಇಟ್ಟರೆ ಕಿರ್ ಎಂದಿತು. ಮೂಲೆಗಳು ಸಡಿಲವಾಗಿದ್ದವು, ಗಿಳಿಯ ಬಣ್ಣ ಚಕ್ಕೆ ಎದ್ದಿತ್ತು, ಪಕ್ಕದ ಹಲಗೆಗಳ ನಡುವೆ ಸಂದು ಬಿಟ್ಟಿತ್ತು. ನಾನು ಆಡುತ್ತಿದ್ದ ಹುಣಸೆಬೀಜ ಒಂದನ್ನು ಆ ಸಂದಿಗೆ ಇಟ್ಟೆ. ಆಚೆ ಕಡೆ ಬಿತ್ತು.

ದಾದಿಗೆ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಮರ್ಯಾದೆ ಕೊಟ್ಟು ಮಾತಾಡುತ್ತಿದ್ದಳು. ಸೀದಾ ಎದುರು ಮನೆ ಕಟ್ಟೆಗೆ ಹೋಗಿ ನಿಂತಳು.

"ಏನ್ರೀ ಗೌರಮ್ಮನೋರೇ, ತೊಟ್ಟಿಲು ಕೊಟ್ಟಿದ್ದು ಕೂಸು ಮಲಗಿಸ್ರಿ ಅಂತ. ಹುರೀರಿ ಅಂತ ಅಲ್ರಿ."

ಗೌರಮ್ಮನ ಮುಖ ಸಣ್ಣದಾಯಿತು. "ಅಯ್ಯೋ ಬೂಬಮ್ಮಾ, ಸುಟ್ಟಿಲ್ಲ ಕಣೇ. ಒಣಗೈತೆ ಅಷ್ಟೆ. ನಮ್ಮ ನಡುಮನಿ ಬಾಗ್ಲೂ ಹಿಂಗೇ, ಬ್ಯಾಸಿಗ್ಯಾಗೆ ಸಡ್ಲು, ಮಳಿಗಾಲದಾಗೆ ಎಳೆದ್ರೂ ಬರಂಗಿಲ್ಲ. ಕೈ ಹಚ್ಚಬ್ಯಾಡ್ರಿ, ಮಳಿ ಬಂದ್ರೆ ತಾನೇ ಕೂಡ್ತದೆ."

"ನನ್ನ ಮರಿಮಗ ಮಳೆಗೆ ಕಾಯ್ತಾನೇನ್ರಿ?" ಎಂದು ದಾದಿ ತಿರುಗಿ ಬಂದಳು. ಎಲೆಅಡಿಕೆ ಚೀಲ ಅಂದಿನಿಂದ ನಮ್ಮ ಮನೆಯಲ್ಲೇ ಉಳಿಯಿತು. ನನಗೂ ಎದುರು ಮನೆಗೆ ಹೋಗಬೇಡ ಅಂತ ತಾಕೀತಾಯಿತು. ಅಲ್ಲಿಯ ಒಲೆಯಲ್ಲಿ ಸುಟ್ಟ ಶೇಂಗಾ ತಪ್ಪಿಹೋದ ದುಃಖಕ್ಕೆ ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಅಬ್ಬಾ ಎತ್ತಿನ ಗಾಡಿಯ ಕೆಲಸದವನು. ಗಾಲಿ ಮಾಡಿ, ಅದಕ್ಕೆ ಕಬ್ಬಿಣದ ಹಳಿ ಕೂಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆರಣಿ ಉರಿಯಲ್ಲಿ ಹಳಿ ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ನೀರು ಸುರಿದರೆ ಚೊಂಯ್ ಎಂದು ಕಬ್ಬಿಣ ಕುಗ್ಗಿ ಮರವನ್ನು ಬಿಗಿದು ಹಿಡಿಯುತ್ತಿತ್ತು. ತೊಟ್ಟಿಲಿಗೂ ಅದನ್ನೇ ಮಾಡಿದ. ತೆಳ್ಳಗಿನ ಎರಡು ಪಟ್ಟಿ ಕಾಯಿಸಿ, ಸುತ್ತಲೂ ಎಳೆದು ಬಿಗಿದು, ಮೊಳೆ ಹೊಡೆದ. ಸಂದಿಗೆಲ್ಲ ಮರದ ಬೆಣೆ ಜಡಿದು ಅರಗು ತುಂಬಿದ. ಗೌರಮ್ಮ ತನ್ನ ಕಟ್ಟೆಯಿಂದಲೇ ಕೂಗಿದಳು.

"ಏ ಖಾಸೀಮ, ಬ್ಯಾಸಿಗ್ಯಾಗೆ ಗಾಡಿನ ಹೊಳಿಗೆ ಇಳಿಸಿ ನಿಲ್ಸ್ತಾರಲ್ಲ, ಯಾಕ? ಗಾಲಿ ನೀರು ಕುಡುದು ಉಬ್ಬಲಿ ಅಂತ ತಾನೆ? ಇದೂ ಉಬ್ತದೋ, ಜಾಗ ಬಿಡೋ!"

ಅಬ್ಬಾ ಕೇಳಿಸದವನ ಹಾಗೆ ಸುತ್ತಿಗೆ ಬೀಸಿದ. ದಾದಿ ಪಕ್ಕದಲ್ಲೇ ನಿಂತಿದ್ದಳಲ್ಲ, ಕೇಳಿಸುವುದಾದರೂ ಹೇಗೆ? ಆಪಾನನ್ನು ಬಿಡಲು ಬಂದ ಭಾವ, "ದಾವಣಗೆರೆ ಬಜಾರದಾಗೆ ಕಬ್ಬಿಣದ್ದೇ ಸಿಗ್ತವೆ, ಒಂದು ತಂದುಬಿಡ್ಲಾ?" ಎಂದು ಕೇಳಿ ಬೈಸಿಕೊಂಡ. "ಕೂಸು ಏನು ತಪ್ಪು ಮಾಡೈತೆ ಅಂತ ಜೈಲಿಗೆ ಹಾಕ್ತೀಯಪ್ಪಾ?" ಎಂದಳು ದಾದಿ. ಅವನು ತಂದಿದ್ದ ಮಂಡಕ್ಕಿ ಚೀಲ ಮಾತ್ರ ಬಿಚ್ಚಿ ಒಳಗಿಟ್ಟಳು.

ಆಪಾಗೆ ಗಂಡುಮಗು ಹುಟ್ಟಿತು. ತೊಟ್ಟಿಲು ಬಂಡೆಯ ಹಾಗೆ ಗಟ್ಟಿ ನಿಂತಿತ್ತು. ದಾದಿ ಬೇಕಂತಲೇ ಬಾಗಿಲು ತೆರೆದಿಟ್ಟು ತೂಗುತ್ತಿದ್ದಳು, ಎದುರು ಮನೆಗೆ ಕಾಣಲಿ ಅಂತ.

ಆಮೇಲೆ ಮಳೆ ಹಿಡಿಯಿತು. ಹೊಳೆ ಕೆಂಪಾಯಿತು. ನಮ್ಮ ಹೆಂಚಿನ ಮನೆ ಅಲ್ಲಲ್ಲಿ ಸೋರಿ, ಗೋಡೆ ತಂಪು ಹೊಡೆದು, ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ. ನಾನು ತೊಟ್ಟಿಲ ಹಲಗೆ ಮುಟ್ಟಿ ನೋಡಿದೆ. ಹುಣಸೆಬೀಜ ದಾಟಿದ್ದ ಕಡೆ ಈಗ ಉಗುರೂ ಹೋಗುತ್ತಿರಲಿಲ್ಲ. ಹಲಗೆ ಪಟ್ಟಿಯ ಆಚೆ ಈಚೆ ಉಬ್ಬಿ ನಿಂತಿತ್ತು. ಅಬ್ಬಾಗೆ ಹೇಳಿದೆ. "ಗಟ್ಟಿ ಆಗೈತೆ, ಒಳ್ಳೇದೇ ಆತು," ಎಂದ.

ಒಂದು ಮಧ್ಯಾಹ್ನ ಅಮ್ಮಿ ರೊಟ್ಟಿ ಬಡಿಯುತ್ತಿದ್ದಳು, ನಾನು ತೊಟ್ಟಿಲು ತೂಗುತ್ತಿದ್ದೆ. ಫಟ್ ಅಂತ ಸದ್ದಾಯಿತು. ಹೂಬಳ್ಳಿಯ ಹಲಗೆ ಉದ್ದಕ್ಕೆ ಸೀಳಿ, ತಳ ಒಂದು ಕಡೆಗೆ ಜಗ್ಗಿತು. ಕೂಸು ಜಾರಿ ಸೀಳಿನ ಕಡೆಗೇ ಬಂತು. ನಾನು ಕಿರುಚಿದೆ. ಅಮ್ಮಿ ಹಿಟ್ಟಿನ ಕೈಯಲ್ಲೇ ಬಂದು ಬಾಚಿಕೊಂಡಳು. ಕೂಸಿಗೆ ಏನೂ ಆಗಲಿಲ್ಲ, ಮೈತುಂಬ ಜೋಳದ ಹಿಟ್ಟಾಯಿತು ಅಷ್ಟೆ. ಆದರೆ ದಾದಿ ನಿಂತಲ್ಲೇ ಕೂತುಬಿಟ್ಟಳು. ಅಬ್ಬಾ ಬಂದು ಪಟ್ಟಿಗಳನ್ನು ಕಿತ್ತ. ಕಿತ್ತ ಕೂಡಲೇ ಬಿಗಿದಿದ್ದ ಹಲಗೆ ಇನ್ನಷ್ಟು ಬಾಯಿ ಬಿಟ್ಟಿತು. ಅವನು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು.

ನನ್ನ ಕಿರುಚಾಟ ಕೇಳಿ ಗೌರಮ್ಮ ಕಂಬಳಿ ಕೊಪ್ಪೆ ಹಾಕಿಕೊಂಡು ಓಡಿ ಬಂದಳು. ತೊಟ್ಟಿಲು ನೋಡಿದಳು. ಕೂಸಿನ ಪಾದ ಮುಟ್ಟಿ, "ಹಿಮ ಆಗ್ಯಾವಲ್ಲೇ! ಎತ್ತಿಕೊಳ್ರಿ, ನಮ್ಮನಿಗೆ ನಡೀರಿ," ಎಂದಳು.

ದಾದಿ ತಲೆ ಎತ್ತಲಿಲ್ಲ. "ಗೌರಮ್ಮಾ, ನೀನು ಹೇಳಿದ್ದಿ ಕಣೇ. ನಾನೇ ಕೇಳಲಿಲ್ಲ," ಎಂದಳು.

"ಬೆಂಕಿ ಹತ್ರ ಇಟ್ಟೋಳು ನಾನೇ ಅಲ್ಲೇನೇ? ಏಳು, ಎಲಿ ಚೀಲ ತಗೋ. ಬಾಯಿ ಚಪ್ಪೆ ಆಗಿ ಎಷ್ಟು ದಿನ ಆತು!"

ಆ ಮಳೆಗಾಲವಿಡೀ ಆಪಾ, ಕೂಸು ಗೌರಮ್ಮನ ಮನೆಯಲ್ಲಿದ್ದರು. ನಡುಮನೆಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಗೌರಮ್ಮನ ಹಳೇ ಸೀರೆಯ ಜೋಲಿ. ಊರೆಲ್ಲ ತೊಯ್ದು ತೊಪ್ಪೆಯಾಗಿದ್ದಾಗ ಒಲೆ ಉರಿಯುವ ಆ ಮನೆ ಒಣಗಿ ಬೆಚ್ಚಗಿತ್ತು. ಅಗ್ಗಿಷ್ಟಿಕೆಯನ್ನು ಮಾತ್ರ ಗೌರಮ್ಮ ಕಂಬದಿಂದ ದೂರ, ಅಂಗಳದ ಕಡೆ ಇಡುತ್ತಿದ್ದಳು. ನನಗೆ ಶೇಂಗಾ ಮತ್ತೆ ಶುರುವಾಯಿತು. ತೊಟ್ಟಿಲ ಹಲಗೆ, ಗಿಳಿ, ಪಟ್ಟಿ ಎಲ್ಲ ಕಟ್ಟಿ ದಾದಿ ಅವಳಿಗೇ ಕೊಟ್ಟಳು. "ನಿನ್ನ ಅಡಿಗಿಮನಿ ಅಟ್ಟದ ಮ್ಯಾಲೆ ಇಡು. ಅಲ್ಲಿ ಹುಳ ಬರಂಗಿಲ್ಲ. ಖಾಸೀಮ ಯಾವಾಗಾದ್ರೂ ಕೂಡಿಸ್ತಾನೆ," ಎಂದಳು. ಅಬ್ಬಾ ಕೂಡಿಸಲೇ ಇಲ್ಲ. ಕೈ ಬರಲಿಲ್ಲ ಅವನಿಗೆ.

ಎಷ್ಟೋ ವರ್ಷ ಅವು ಹೊಗೆಯಲ್ಲಿ ಸುಖವಾಗಿದ್ದವು. ದಾದಿ ಹೋದಳು, ಗೌರಮ್ಮ ಹೋದಳು. ಆಮೇಲೆ ಆ ಮನೆಗೆ ಗ್ಯಾಸ್ ಬಂತು, ಒಲೆ ಒಡೆದರು, ಧೂಳು ಬೀಳುತ್ತೆ ಅಂತ ಬೆಳಕಿಂಡಿಗೆ ಗಾಜು ಕೂಡಿಸಿದರು. ಕಣ್ಣುರಿ ತಪ್ಪಿತು, ಅದು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಕೆಲವೇ ವರ್ಷಕ್ಕೆ ಜಂತೆಗಳಿಂದ ನುಸಿ ಕೊರೆದ ಹಿಟ್ಟು ಉದುರತೊಡಗಿತು. ಮನೆ ಕೆಡವಿಸುವಾಗ ಗೌರಮ್ಮನ ಮೊಮ್ಮಗ ನನ್ನನ್ನು ಕರೆಸಿದ. ಅಟ್ಟದ ಗಂಟು ಬಿಚ್ಚಿದೆವು. ಗಿಳಿಯನ್ನು ಎತ್ತಿಕೊಂಡೆ, ಬೆರಳಲ್ಲೇ ಪುಡಿಯಾಯಿತು. ಅಬ್ಬಾ ಬಿಗಿದಿದ್ದ ಎರಡು ಪಟ್ಟಿಗಳು ಮಾತ್ರ ಹಾಗೇ ಇದ್ದವು. ಪಟ್ಟಿಗಳನ್ನು ಮನೆಗೆ ತಂದೆ.

ಈಗ ಆ ಜಾಗದಲ್ಲಿ ಮೂರಂತಸ್ತಿನ ಮನೆ, ಬಾಡಿಗೆಯವರು. ಹೋದ ತಿಂಗಳು ಅಲ್ಲಿಗೆ ಆಸ್ಪತ್ರೆಯಿಂದ ಕೂಸು ಬಂತು. ಸಂಜೆಯೊಳಗೆ ದಾವಣಗೆರೆಯಿಂದ ಡಬ್ಬದಲ್ಲಿ ತೊಟ್ಟಿಲೂ ಬಂತು. ಯಾರಾದರೂ ಏನಾದರೂ ಕೇಳಲು ಬಂದಾರೆಂದು ನಾನು ಎದುರಿನ ನಮ್ಮ ಮನೆಯ ಬಾಗಿಲು ತೆರೆದೇ ಕೂತಿದ್ದೆ. ಯಾರೂ ಬರಲಿಲ್ಲ. ಆ ಕೂಸಿಗೆ ಏನು ಹೆಸರಿಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ.