ಬೆಂಕಿಪೊಟ್ಟಣದಷ್ಟು ರಿಲೇ

ನಮ್ಮ ಕಡೆ ಮನುಷ್ಯನಿಗೆ ದುಡ್ಡು ಬಂದರೆ ಮೊದಲು ಬದಲಾಗುವುದು ಮನೆಯ ಗೇಟು, ಆಮೇಲೆ ಫೋನು, ಕೊನೆಗೆ ಅಪ್ಪನ ಕಾರು. ಕಂಪ್ಲಿಯ ರೈಸ್‌ಮಿಲ್ ಮಾಲೀಕ ಜಡೆಪ್ಪನವರು ಗೇಟು, ಫೋನು ಎರಡನ್ನೂ ಮುಗಿಸಿ ಕಾರಿಗೆ ಬಂದಿದ್ದರು. ಅಪ್ಪ ಬಿಟ್ಟುಹೋದ ಅಂಬಾಸಿಡರ್ ಹದಿನೆಂಟು ವರ್ಷ ಭತ್ತದ ಗೋದಾಮಿನಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಈಗ ಅದಕ್ಕೆ ಕೆನೆ ಬಣ್ಣ, ತೊಗಲಿನ ಸೀಟು, ಎಲ್ಲೋ ಗುದ್ದಿಕೊಂಡು ಸತ್ತ ಹೊಸ ಕಾರೊಂದರ ಎಂಜಿನ್. ಹೊರಗೆ ತಾತ, ಒಳಗೆ ಮೊಮ್ಮಗ.

ತೊಂದರೆ ಒಂದೇ. ಹಳೆ ಎಂಜಿನ್ನಿನ ಫ್ಯಾನು ಬೆಲ್ಟಿನ ಮೇಲೆ ತಾನೇ ತಿರುಗುತ್ತಿತ್ತು. ಹೊಸದನ್ನು ತುರುಕಿದ ಮೇಲೆ ಬೆಲ್ಟಿಗೆ ಜಾಗವಿಲ್ಲ, ಕರೆಂಟಿನ ಫ್ಯಾನೇ ಗತಿ. ಕರೆಂಟಿನ ಫ್ಯಾನಿಗೆ ಯಾವಾಗ ತಿರುಗಬೇಕು ಎಂದು ಯಾರಾದರೂ ಹೇಳಬೇಕಲ್ಲ? ಹಾಗೆ ಹೇಳುವ ಸಾಧನವನ್ನು ಕೂರಿಸಲು ಕಾರು ಹೊಸಪೇಟೆಯ ಉಜ್ಜಿನಪ್ಪನ ತಗಡಿನ ಅಂಗಡಿಯ ಮುಂದೆ ಬಂದು ನಿಂತಿತು.

ಉಜ್ಜಿನಪ್ಪ ಚೋರನೂರಿನವನು. ಓದಿದ್ದು ಏಳನೇ ಕ್ಲಾಸು. ಇಪ್ಪತ್ತೆರಡು ವರ್ಷ ಸಂಡೂರಿನ ಗಣಿ ಗಾಡಿಗಳಿಗೆ ವೈರಿಂಗ್ ಮಾಡಿದ. ಮುಖ ಒರೆಸಿದರೆ ಟವೆಲ್ಲು ಕೆಂಪಾಗುತ್ತಿದ್ದ ಕಾಲ ಅದು. ಗುಡ್ಡ ತಿಂದವರು ಕೈ ತೊಳೆದುಕೊಂಡು ಹೋದರು, ಉಜ್ಜಿನಪ್ಪನಿಗೆ ಉಳಿದದ್ದು ಕೆಮ್ಮು ಮತ್ತು ಒಂದು ನೆನಪು. ಕೂಲಿಯವರನ್ನು ಒಯ್ಯುವ ಪಿಕಪ್ಪಿನ ಫ್ಯಾನಿಗೆ ಮಾಲೀಕ ಡ್ಯಾಶ್‌ಬೋರ್ಡಿನಲ್ಲಿ ಕೈಸ್ವಿಚ್ ಸಾಕು ಎಂದಿದ್ದ. ನಿದ್ದೆಯಿಲ್ಲದ ಡ್ರೈವರ್ ಅದನ್ನು ಒತ್ತಲು ಮರೆತ. ಘಾಟಿಯಲ್ಲಿ ನೀರು ಕುದಿಯಿತು, ಅವಸರಕ್ಕೆ ರೇಡಿಯೇಟರ್ ಮುಚ್ಚಳ ತಿರುವಿದ. ಪಕ್ಕದಲ್ಲಿ ನಿಂತಿದ್ದ ಬಸಕ್ಕ ಎಂಬ ಕೂಲಿ ಹೆಂಗಸಿನ ಎರಡೂ ಕೈ ಮೊಣಕೈವರೆಗೆ ಸುಟ್ಟವು. ಡ್ರೈವರನನ್ನು ಕೆಲಸದಿಂದ ತೆಗೆದರು. ಅವನಿಗೆ ನಿದ್ದೆ ಕೊಡದ ಮಾಲೀಕನಿಗೆ ಆ ವರ್ಷ ಊರಿನವರು ಶಾಲು ಹೊದಿಸಿದರು. ಕೈಸ್ವಿಚ್ ಕೂರಿಸಿದ ಉಜ್ಜಿನಪ್ಪನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಹಾಗಾಗಿ ಅವನೇ ದಿನಾ ಕೇಳಿಕೊಳ್ಳುತ್ತಿದ್ದ.

ಜಡೆಪ್ಪನವರ ತಂಗಿಯ ಮಗ ತಿಪ್ಪೇಶ್ ನೀಲಿ ಲೈಟಿನ ಡಬ್ಬಿಯೊಂದನ್ನು ಮುಂದಿಟ್ಟ.

"ನೋಡು ಉಜ್ಜಿನಪ್ಪ, ಆನ್‌ಲೈನ್ಯಾಗ ತರ್ಸೀನಿ. ಫೋನ್ಯಾಗ ಒತ್ತಿದ್ರ ಸಾಕು, ಫ್ಯಾನ್ ಚಾಲೂ. ಮಸ್ತ್ ಐತಿ."

"ಒತ್ತದಿದ್ರ?"

"ಒತ್ತೇ ಒತ್ತತೀನಲ್ಲೋ!"

"ಗಾಡಿ ಓಡ್ಸೋರು ಯಾರ್ರಿ?"

"ನಾನು."

"ವಿಡಿಯೋ ಮಾಡೋರು?"

"ನಾನು."

"ಫ್ಯಾನ್ ಒತ್ತೋರೂ ನೀವ. ಒಟ್ಟು ಎಷ್ಟು ಕೈ ಅದಾವ್ರಿ ನಿಮಗ?"

ಜಡೆಪ್ಪನವರು ಗಂಟಲು ಸರಿಮಾಡಿಕೊಂಡರು. "ನೀ ಏನ್ ಹಾಕ್ತೀಯಪ್ಪ ಹಂಗಾರ?"

ಉಜ್ಜಿನಪ್ಪ ಬೆರಳುದ್ದದ ಹಿತ್ತಾಳೆ ಸೆನ್ಸರನ್ನೂ ಬೆಂಕಿಪೊಟ್ಟಣದಷ್ಟು ಕರಿ ರಿಲೇಯನ್ನೂ ಅಂಗೈಯಲ್ಲಿ ಹಿಡಿದ. "ಎಂಜಿನ್ನಿಂದ ಬಿಸಿನೀರು ಹೊರಗ ಬರೋ ಜಾಗದಾಗ ಇದು ಕುಂದ್ರತೈತಿ. ನೀರು ತೊಂಬತ್ತೆರಡು ಡಿಗ್ರಿ ಆದ್ರ ರಿಲೇಗೆ ಹೇಳತೈತಿ, ರಿಲೇ ಫ್ಯಾನ್ ಹಚ್ಚತೈತಿ. ತಣ್ಣಗಾದ್ರ ತಾನ ಬಂದ್. ಫ್ಯಾನಿಗೆ ಅದರದ ಬ್ಯಾರೆ ಫ್ಯೂಸು, ದಪ್ಪ ವೈರು. ನಡುವ ಮನುಷಾ ಇರಬಾರದು ಯಜಮಾನ್ರ, ಮನುಷಾ ಮರೀತಾನ."

"ಇಂಥಾ ಸಾಮಾನು ನಮ್ಮ ಮಿಲ್ಲಿನ ಡ್ರೈಯರ್‌ಗೂ ಐತಿ. ಇಷ್ಟು ಖರ್ಚು ಮಾಡಿದ ಗಾಡಿಗೆ ಇದಾ?"

"ನಿಮ್ಮ ಡ್ರೈಯರ್ ಎಂದಾರ ಭತ್ತ ಸುಟ್ಟೈತೇನ್ರಿ?"

ಜಡೆಪ್ಪನವರು ಕಾರಿನ ಕೆನೆ ಬಣ್ಣದ ಮೇಲೆ ಕೈಯಾಡಿಸಿದರು. "ಒಂದು ಮಾತು. ಎಲ್ಲೂ ಪೇಂಟ್ ಕೆರೀಬ್ಯಾಡ."

"ಅರ್ತ್ ವೈರು ಬರೇ ಕಬ್ಬಿಣಕ್ಕ ತಾಗಬೇಕ್ರಿ, ಒಂದು ರೂಪಾಯಿ ನಾಣ್ಯದಷ್ಟು ಕೆರೀಲೇಬೇಕು. ಬಣ್ಣದ ಮ್ಯಾಲ ಬಿಗಿದ್ರ ಅದು ಹಾರ ಹಾಕ್ದಂಗ. ನೋಡಾಕ ಚಂದ, ಕೆಲಸ ಶೂನ್ಯ. ಆಗಂಗಿಲ್ಲ ಅಂದ್ರ ಗಾಡಿ ಒಯ್ಯಿರಿ."

ಆಗ ಕಾರಿನ ಹಿಂದಿನ ಕಿಟಕಿಯಿಂದ ಒಂದು ದನಿ ಬಂತು. ಜಡೆಪ್ಪನವರ ತಾಯಿ ಪಂಪಮ್ಮ, ಎಪ್ಪತ್ತೊಂಬತ್ತು ವರ್ಷ. ಕಾರು ರಿಪೇರಿಗೆ ಹೋದರೂ ಆಕೆ ಅದರೊಳಗೇ ಕುಳಿತು ಬರುತ್ತಿದ್ದಳು. ಮದುವೆಯಾದ ವರ್ಷ ಗಂಡ ಇದೇ ಕಾರಿನಲ್ಲಿ ಹಂಪಿಗೆ ಕರೆದೊಯ್ದಿದ್ದ. ಸಾಯುವುದರೊಳಗೆ ಇದರಲ್ಲೇ ಇನ್ನೊಮ್ಮೆ ಹೋಗಿ ವಿರೂಪಾಕ್ಷನಿಗೆ ಕೈಮುಗಿಯಬೇಕು ಎಂಬುದೊಂದೇ ಆಕೆಯ ಆಸೆ. ಬಿಸಿಲು ತಡೆಯುವ ಮೈ ಅಲ್ಲ, ದಾರಿಯಲ್ಲಿ ನಿಲ್ಲಬಾರದು ಎಂದು ಡಾಕ್ಟರ್ ಎಚ್ಚರಿಸಿದ್ದರು. ಕಾರಿಗೆ ಎ.ಸಿ. ಇನ್ನೂ ಕೂತಿರಲಿಲ್ಲ.

"ಎರಡೂ ಹಾಕಪ್ಪ," ಎಂದಳು ಪಂಪಮ್ಮ. "ತಿಪ್ಪೇಶನ ಆಟಿಗಿ ಸಾಮಾನು ಮ್ಯಾಲಿರಲಿ, ನಿಂದು ಕೆಳಗಿರಲಿ. ನಾ ಹಂಪಿ ಮುಟ್ಟಿದ್ರ ಸಾಕು."

"ಆಗ್ಲಿ ಅವ್ವಾ. ಆದ್ರ ಫೋನು ಫ್ಯಾನ್ ಹಚ್ಚಬಹುದು, ಆರ್ಸಾಕ ಬರಂಗಿಲ್ಲ. ಹಂಗ ಕಟ್ಟತೀನಿ."

ಹಾಗೇ ಕಟ್ಟಿದ. ನಾಣ್ಯದಷ್ಟು ಬಣ್ಣ ಹೋಯಿತು, ಜಡೆಪ್ಪನವರು ಎರಡು ದಿನ ಊಟ ಬಿಟ್ಟವರ ಹಾಗಿದ್ದರು.

ಒಬ್ಬ ಮುದುಕಿ ದೇವರಿಗೆ ಕೈಮುಗಿಯಲು ಒಂದು ಕಾರು ಸಾಕು. ದೊಡ್ಡಮನುಷ್ಯರ ತಾಯಿಗೆ ಸಾಕಾಗುವುದಿಲ್ಲ. ಏಪ್ರಿಲ್ ಕೊನೆಯ ಸೋಮವಾರ ಕಾರಿನ ಮುಂದೆ ನಲವತ್ತು ಬೈಕು, ಒಂದು ಡಿಜೆ, ತಾಯಿಗಿಂತ ಮಗನ ಮುಖವೇ ದೊಡ್ಡದಾಗಿದ್ದ ಫ್ಲೆಕ್ಸು. ಪೂಜೆಯ ಹೊತ್ತಿಗೆ ಉಜ್ಜಿನಪ್ಪನನ್ನೂ ಕರೆಸಿ ಶಾಲು ಹೊದಿಸಿ, ದಾರಿಗೆ ಇರಲಿ ಎಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ಹತ್ತುವಾಗ ಅವನು ನೋಡಿದ. ಬಂಪರಿನ ಎರಡೂ ಬದಿಗೆ ಎಲೆ ಸಮೇತ ಬಾಳೆಕಂಬ, ನಡುವೆ ಜಾಲರಿ ಕಾಣದಷ್ಟು ಚೆಂಡು ಹೂವಿನ ಹಾರ. ಆ ಜಾಲರಿಯ ಹಿಂದೆಯೇ ರೇಡಿಯೇಟರ್, ಅದರ ಹಿಂದೆ ಅವನ ಫ್ಯಾನು. ಹೇಳಬೇಕೆಂದು ಬಾಯಿ ತೆರೆದ. ಶುಭಕ್ಕೆ ಕಟ್ಟಿದ್ದು, ಎಲ್ಲರೂ ನೋಡುತ್ತಿದ್ದಾರೆ, ಹೆಗಲ ಮೇಲೆ ಶಾಲು ಬೇರೆ. ಶಾಲು ಎಂಥವನ ಬಾಯಿಗೂ ಚೆನ್ನಾಗಿ ಹೊಂದುತ್ತದೆ. ಮುಚ್ಚಿಕೊಂಡ.

ಬುಕ್ಕಸಾಗರದ ಹೊತ್ತಿಗೆ ಕಾರು ನಡೆಯುವವರಿಗಿಂತ ನಿಧಾನವಾಗಿತ್ತು. ಬೈಕಿನವರು ಇಳಿದು ಕುಣಿಯುತ್ತಿದ್ದರು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ವಿಡಿಯೋ ಹಿಡಿದಿದ್ದ ತಿಪ್ಪೇಶ್ ಥಟ್ಟನೆ ಫೋನನ್ನು ಅಲ್ಲಾಡಿಸಿದ.

"ಏನಾತ್ರಿ?"

"ಫೋನ್ ಭಾಳ ಬಿಸಿ ಆಗೈತಂತ. ತಣ್ಣಗಾಗೋ ತನಕ ಏನೂ ನಡಿಯಂಗಿಲ್ಲ ಅಂತ ತೋರಿಸಾಕತ್ತೈತಿ."

"ಅದಕ್ಕೂ ಒಂದು ಫ್ಯಾನ್ ಹಾಕ್ಲೇನ್ರಿ?" ಎಂದು ಉಜ್ಜಿನಪ್ಪ ನಕ್ಕ. ಅವನ ರಿಲೇ ಟಕ್ ಎಂದಿತ್ತು, ಫ್ಯಾನು ಭರ್ರೆಂದು ತಿರುಗುತ್ತಿತ್ತು. ಆದರೂ ಮೀಟರಿನ ಮುಳ್ಳು ಮೇಲೇರಿತು. ಇನ್ನೂ ಏರಿತು. ಅವನ ನಗು ಅಲ್ಲೇ ನಿಂತಿತು.

ಹಿಂದಿನ ಸೀಟಿನಿಂದ ಪಂಪಮ್ಮ ಕ್ಷೀಣವಾಗಿ ಕೇಳಿದಳು, "ಲೇ ಉಜ್ಜಿನಪ್ಪ, ಮೂಗಿಗೆ ಹೂವು ಕಟ್ಟಿದ್ರ ಉಸಿರು ಎಲ್ಲಿಂದ ಬರಬೇಕೋ?"

ತಿರುಗಿ ನೋಡಿದ. ಆಕೆಯ ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು.

"ನಿಲ್ಲಸ್ರಿ! ಎಂಜಿನ್ ಬಂದ್ ಮಾಡ್ರಿ, ಕೀ ಮತ್ತ ಆನ್ ಮಾಡಿ ಬಿಡ್ರಿ, ಫ್ಯಾನ್ ತಿರುಗ್ಲಿ!"

ಇಳಿದವನೇ ಕಟಿಂಗ್ ಪ್ಲೇಯರ್ ತೆಗೆದು ಹಾರ ಕತ್ತರಿಸಿದ, ಬಾಳೆಕಂಬ ಕಿತ್ತು ಚರಂಡಿಯ ಬದಿಗೆ ಎಸೆದ. ಡಿಜೆ ನಿಂತಿತು. ಹಿಂದೆ ಇನ್ನೊಂದು ಗಾಡಿಯಲ್ಲಿ ಬರುತ್ತಿದ್ದ ಜಡೆಪ್ಪನವರು ಓಡಿ ಬಂದರು.

"ಲೇ, ತಲಿ ಕೆಟ್ಟೈತೇನು? ಶುಭಕ್ಕ ಕಟ್ಟಿದ್ದು ನಡುದಾರಿಯಾಗ ಕೀಳ್ತೀಯಾ?"

"ನಾ ಮುಂಜಾನೀನ ಕೀಳಬೇಕಿತ್ರಿ. ಶಾಲಿನ ಆಸೀಗೆ ಸುಮ್ಕಿದ್ದೆ, ತಪ್ಪು ನಂದ. ಈಗ ಬೈಯ್ಯಾಕ ಹೊತ್ತಿಲ್ಲ, ಮೊದ್ಲು ಅವ್ವನ್ನ ನೆರಳಿಗೆ ಕರ್ಕೊಂಡ್ ಬರ್ರಿ."

ಅಷ್ಟರಲ್ಲಿ ತಿಪ್ಪೇಶ್ ಬಾನೆಟ್ ಎತ್ತಿ, ಟವೆಲ್ ಸುತ್ತಿದ ಕೈಯನ್ನು ರೇಡಿಯೇಟರ್ ಮುಚ್ಚಳದ ಮೇಲಿಟ್ಟಿದ್ದ. ಉಜ್ಜಿನಪ್ಪ ಹಾರಿ ಅವನ ಮಣಿಕಟ್ಟು ಹಿಡಿದ. ಅಷ್ಟು ಗಟ್ಟಿಯಾಗಿ ಅವನು ಜೀವಮಾನದಲ್ಲಿ ಏನನ್ನೂ ಹಿಡಿದಿರಲಿಲ್ಲ. "ಮುಟ್ಟಬ್ಯಾಡ್ರಿ! ಅದು ತಾನ ಆರಲಿ."

ಹುಣಸೆಮರದ ಕೆಳಗೆ ಪಂಪಮ್ಮ ನೀರು ಕುಡಿದಳು. ಕಿತ್ತ ಬಾಳೆಎಲೆಯಲ್ಲೇ ಉಜ್ಜಿನಪ್ಪ ಆಕೆಗೆ ಗಾಳಿ ಬೀಸಿದ. ಶುಭದ ವಸ್ತು ಅಂದು ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಮುಕ್ಕಾಲು ಗಂಟೆಯ ನಂತರ ಮುಳ್ಳು ಕೆಳಗಿಳಿದಿತ್ತು, ಮುಖವೂ ತಿಳಿಯಾಗಿತ್ತು. ಡಿಜೆಯನ್ನೂ ಬೈಕುಗಳನ್ನೂ ಪಂಪಮ್ಮ ಒಂದೇ ಬೈಗುಳದಲ್ಲಿ ವಾಪಸ್ ಕಳಿಸಿದಳು. ಜಡೆಪ್ಪನವರು ತಾಯಿಯ ಪಕ್ಕ ಹತ್ತಿ ಕುಳಿತರು. ಕಾರೊಂದೇ, ನಲವತ್ತರ ವೇಗದಲ್ಲಿ, ಹಂಪಿ ಮುಟ್ಟಿತು.

ಅಲ್ಲಿ ಫೋನು ತಣ್ಣಗಾಗಿತ್ತು. "ಎಲ್ಲಾ ಫೋನಿನಿಂದಲೇ ಕಂಟ್ರೋಲು" ಎಂದು ತಿಪ್ಪೇಶ್ ಕಾರಿನ ಮುಂದೆ ನಿಂತು ಹೊಸ ವಿಡಿಯೋ ಮಾಡಿದ. ಜಡೆಪ್ಪನವರು ಪಕ್ಕದಲ್ಲಿ ತಲೆಯಾಡಿಸಿದರು.

ದರ್ಶನ ಮುಗಿಸಿ ಬಂದ ಪಂಪಮ್ಮ ಬಾನೆಟ್ ಎತ್ತಿಸಿದಳು. "ಇದರಾಗ ನಿಂದು ಯಾವುದೋ?"

ಉಜ್ಜಿನಪ್ಪ ಮೂಲೆಯ ಕರಿ ಡಬ್ಬಿ ತೋರಿಸಿದ. ಆಕೆ ಹಣೆಗೆ ಹಚ್ಚಿ ಉಳಿದಿದ್ದ ಕುಂಕುಮವನ್ನು ಬೆರಳಲ್ಲಿ ಹಿಡಿದು ಬಗ್ಗಿದಳು.

ಈ ಸಲ ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ. "ಅವ್ವಾ, ಮ್ಯಾಲ ಅಷ್ಟ ಹಚ್ರಿ. ಕೆಳಗ ವೈರ್ ಅದಾವು, ಅಲ್ಲಿ ಬ್ಯಾಡ."

"ಆತಪ್ಪ," ಎಂದು ಪಂಪಮ್ಮ ಕೈಯನ್ನು ಒಂದು ಬೆರಳಷ್ಟು ಮೇಲಕ್ಕೆ ಸರಿಸಿದಳು.