ಆಬ್ಸಿಡಿಯನ್ ಕರಿಮಣಿ

ಮಣಿಯ ರಂಧ್ರದ ಬಾಯಲ್ಲಿ ಸಾಸಿವೆ ಸಿಪ್ಪೆಗಿಂತಲೂ ಸಣ್ಣ ಚಕ್ಕೆ ಎದ್ದಿತ್ತು. ಬರಿಗಣ್ಣಿಗೆ ಅದು ಕಾಣುತ್ತಿರಲಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ಕಂಡಿತು.

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಡೊಂಬಿವಲಿಯ ಸಣ್ಣ ಆಭರಣ ವರ್ಕ್‌ಶಾಪ್ ಒಂದರಲ್ಲಿ ಕಲ್ಲು ಆರಿಸಿ ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದೆ. ಇದು ಅಲ್ಲಿನ ಎರಡನೇ ವರ್ಷದ ಮಾತು. ವಿನ್ಯಾಸ ಮಾಡಿ ಪೋಣಿಸುವವಳು ಶ್ರೇಯಾ. ನನ್ನದೇ ವಯಸ್ಸು, ಧಾರವಾಡ ಕಡೆಯ ಮನೆತನ.

ನೆರೂಳದಲ್ಲಿ ಹೋಟೆಲ್ ನಡೆಸುವ ಉಡುಪಿಯ ವತ್ಸಲಕ್ಕ ಮಗಳ ಮದುವೆಗೆ ಕರಿಮಣಿ ಸರ ಬೇಕೆಂದು ಬಂದರು. ಮಾಮೂಲಿ ಕಪ್ಪು ಗಾಜಿನ ಬದಲು ಆಬ್ಸಿಡಿಯನ್ ಬಳಸೋಣ ಎಂದವಳು ನಾನು. ಲಾವಾರಸ ಹರಳುಗಟ್ಟುವ ಮೊದಲೇ ತಣಿದರೆ ಆಗುವ ಗಾಜು ಅದು ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ಶ್ರೇಯಾ ಮಣಿಗಳ ಎಳೆಯೊಂದನ್ನು ಅವರ ಕೊರಳಿಗೆ ಹಿಡಿದು ಕನ್ನಡಿ ತಿರುಗಿಸಿದಳು.

“ಮಾರಾಯ್ತಿ, ನಿನ್ನದು ಕಾಲೇಜಿನ ಪಾಠವೇ ಆಯ್ತಲ್ಲ!” ಎಂದು ವತ್ಸಲಕ್ಕ ನನ್ನತ್ತ ನಕ್ಕರು. “ಶ್ರೇಯಾ, ನೀನೇ ಮಾಡಿಕೊಡು. ಕಟ್ಟುವ ದಿನ ನಮ್ಮಲ್ಲಿ ನೂಲೇ ಆಗ್ಬೇಕು, ತಂತಿ ಬೇಡ.”

ಅವರು ಹೋದ ಮೇಲೆ ಶ್ರೇಯಾ ಕೇಳಿದಳು: “ಮಾರಿ ಯಾಕ ಸಣ್ಣ ಮಾಡ್ಕೊಂಡಿ? ಚಲ್, ಕಟಿಂಗ್ ಚಾ ಕುಡಿಯೋಣು.” ತಲೆನೋವು ಎಂದೆ. ಕಲ್ಲು ನನ್ನದು, ಹೆಸರು ಅವಳದು.

ಸರ ಸಿದ್ಧವಾದ ಸಂಜೆ, ಅವಳು ಹೊರಟ ಮೇಲೆ, ಅದನ್ನು ಲೂಪ್‌ನಲ್ಲಿ ನೋಡಿದೆ. ಕರ್ತವ್ಯದಿಂದಲ್ಲ, ಒಂದು ಗಂಟಾದರೂ ಸಡಿಲವಿರಲಿ ಎಂಬ ಆಸೆಯಿಂದ. ಗಂಟುಗಳೆಲ್ಲ ಚೊಕ್ಕವಾಗಿದ್ದವು. ಸಿಕ್ಕಿದ್ದು ಆ ಚಕ್ಕೆ, ಪಕ್ಕದ ಮಣಿಯಲ್ಲಿ ಇನ್ನೊಂದು. ಆಬ್ಸಿಡಿಯನ್ ಸಿಡಿದ ಅಂಚು ಬ್ಲೇಡಿನಷ್ಟು ಹರಿತ. ಪೋಣಿಸದೆ ಉಳಿದಿದ್ದ, ಹಾಗೆಯೇ ಚಕ್ಕೆ ಎದ್ದ ಒಂದು ಮಣಿಯನ್ನು ಅದೇ ರೇಷ್ಮೆ ನೂಲಿನ ಮೇಲೆ ಹಿಂದೆ ಮುಂದೆ ಎಳೆದೆ. ನೂಲು ಎಳೆಬಿಟ್ಟು ತುಂಡಾಯಿತು.

ದೋಷ ಶ್ರೇಯಾಳದಲ್ಲ. ಮಣಿಗಳನ್ನು ಹೊಳಪು, ಬಣ್ಣ ನೋಡಿ ಪಾಸು ಮಾಡಿದವಳು ನಾನು. ಆದರೂ ಮಂಟಪದಲ್ಲಿ ಸರ ಹರಿದರೆ ಎಲ್ಲರೂ ಬೈಯುವುದು ಅವಳನ್ನೇ. ಹಾಗನ್ನಿಸಿದಾಗ ಮನಸ್ಸಿಗೆ ಹಾಯೆನಿಸಿತು. ಸರವನ್ನು ಡಬ್ಬಿಯಲ್ಲಿಟ್ಟು ಹೊರಟೆ.

ಠಾಣೆಯಲ್ಲಿ ರೈಲು ಬದಲಿಸುವಾಗ ಮದುಮಗಳ ನೆನಪಾಯಿತು. ಕಟ್ಟಿದ ದಿನವೇ ಕರಿಮಣಿ ಹರಿದರೆ ಜನ ಕುಶಲಕರ್ಮಿಯನ್ನು ಒಂದು ವಾರ ಬೈದು ಮರೆಯುತ್ತಾರೆ. ಆ ಹುಡುಗಿಯ ಕಾಲ್ಗುಣದ ಮಾತನ್ನು ಜೀವನಪೂರ್ತಿ ಆಡುತ್ತಾರೆ.

ಕಲ್ಲು ಆರಿಸುವವಳ ಹೊಣೆ ಹೊಳಪಿಗೆ ಮುಗಿಯುವುದಿಲ್ಲ, ನೂಲು ಹಾಯುವ ಕತ್ತಲೆಯ ಒಳಗೂ ಇರುತ್ತದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಹೊಟ್ಟೆಕಿಚ್ಚು ಬಿಡುವುದನ್ನು ಕಲಿಸಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ವರ್ಕ್‌ಶಾಪ್ ತಲುಪಿದೆ. ಕರಿಮಣಿಗೆ ಕತ್ತರಿ ತಾಗಿಸುವುದಿಲ್ಲ. ಸೂಜಿಯಿಂದ ಗಂಟು ಬಿಚ್ಚಿ ಮಣಿಗಳನ್ನು ನೀರಿಗೆ ಹಾಕಿದೆ. ವಜ್ರದ ಪುಡಿ ಲೇಪಿಸಿದ ಸಣ್ಣ ಅರದಿಂದ ಒಂದೊಂದರ ಬಾಯನ್ನೂ ಉಜ್ಜಿ ನುಣುಪು ಮಾಡತೊಡಗಿದೆ.

ಬಾಗಿಲಲ್ಲಿ ಶ್ರೇಯಾ ಕೂಗಿದಳು: “ಹುಚ್ಚಿ, ಏನ್ ಮಾಡಾಕತ್ತಿ? ಮಧ್ಯಾಹ್ನ ಅಕ್ಕಾರು ಬರ್ತಾರ!”

ಲೂಪನ್ನೂ ತುಂಡಾದ ನೂಲನ್ನೂ ಅವಳ ಕೈಗಿಟ್ಟೆ. ಅವಳು ನೋಡಿದಳು, ಫೋನ್ ತೆಗೆದಳು. “ನಾಳೆ ಬರ್ರಿ ಅಂತ ಹೇಳ್ತೀನಿ.”

“ನಾಳೆ ಅಂತ ನೀನು ಹೇಳು. ಯಾಕೆ ಅನ್ನೋದನ್ನ ನಾನೇ ಹೇಳ್ತೇನೆ” ಎಂದು ಒದ್ದೆ ಕೈಯನ್ನು ಫೋನಿಗೆ ಚಾಚಿದೆ.