ಅಳಿಯಂದ್ರಿಗೆ ಗೋಲು ಕಾಯಲು ಕಲಿಸಿದ್ದು

ದೊಡ್ಡಬಳ್ಳಾಪುರದ ಫುಟ್‌ಬಾಲ್ ತಂಡಕ್ಕೆ ನಾನು ಗೋಲ್‌ಕೀಪರ್ ಆದದ್ದು ಪ್ರತಿಭೆಯಿಂದಲ್ಲ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ ನನಗೆ ಓಡಲು ಬರುತ್ತಿರಲಿಲ್ಲ. “ಓಡಕ್ಕಾಗ್ದೆ ಇರೋನು ಗೋಲಲ್ಲಿ ನಿಂತ್ಕೊಳ್ಳೋ,” ಎಂದರು ತಂಡ ಕಟ್ಟಿದ ಡ್ರಿಲ್ ಮೇಷ್ಟ್ರು. ನಿಂತೆ. ಎರಡನೇ ಮಹಾಯುದ್ಧದ ಕಾಲ, ನೂಲು ಸಿಗದೆ ಊರಿನ ಅರ್ಧ ಮಗ್ಗಗಳು ಸುಮ್ಮನಿದ್ದವು. ಹಾಗಾಗಿ ಆಟ ನೋಡಲು, ನೋಡಿ ಬೈಯಲು, ಜನಕ್ಕೆ ಬೇಕಾದಷ್ಟು ಹೊತ್ತಿತ್ತು.

ಮೂರು ವರ್ಷ ಬೈಸಿಕೊಂಡ ಮೇಲೆ ಬೆಂಗಳೂರಿನಿಂದ ಸೋಲ್ಜರುಗಳ ತಂಡ ಆಡಲು ಬಂತು. ಅವರಿಗೆ ಬೂಟು, ನಮಗೆ ಬರಿಗಾಲು. ಒಬ್ಬ ಒದ್ದ ಚೆಂಡಿಗೆ ಕೈಯೊಡ್ಡಿ ನನ್ನ ಬಲಗೈಯ ಎರಡು ಬೆರಳು ಮುರಿದವು. ಸುತ್ತ ಸೇರಿದವರು ಮೊದಲು ಕೇಳಿದ್ದು, “ಗೋಲಾಯ್ತೇನ್ಲಾ?” ಗೋಲೂ ಆಗಿತ್ತು.

ಬೆರಳುಗಳು ಸೊಟ್ಟಗೆ ಕೂಡಿಕೊಂಡವು. ಒಂದು ಬೆಳಿಗ್ಗೆ ತಂಡದ ಅಧ್ಯಕ್ಷರಾಗಿದ್ದ ಸೀರೆ ವ್ಯಾಪಾರದ ಯಜಮಾನರು ನಮ್ಮ ಮನೆಗೇ ಬಂದರು. “ಇನ್ಮೇಲೆ ನೀನೇ ಕೋಚು ಕಣಪ್ಪ,” ಎಂದರು. ಕೋಚೆಂದರೆ ಏನೋ ಸರ್ಕಾರಿ ಹುದ್ದೆಯೆಂದುಕೊಂಡ ಅಮ್ಮ ಅವರಿಗೆ ಸಕ್ಕರೆ ಹಾಕಿದ ಹಾಲು ಕೊಟ್ಟಳು. ಕುಡಿದು ಮುಗಿಸಿ, ಮೀಸೆ ಒರೆಸಿಕೊಂಡು ಯಜಮಾನರು ಹೇಳಿದರು: “ನಿನ್ನ ಜಾಗದಲ್ಲಿ ನಮ್ಮ ಅಳಿಯ ನಿಲ್ತಾನೆ. ಕಲಿಸು.”

ಮದುವೆಯಾಗಿ ಮಾವನ ಮನೆಯಲ್ಲೇ ಉಳಿದಿದ್ದ ಆತನನ್ನು ಊರೆಲ್ಲ ಅಳಿಯಂದ್ರು ಎನ್ನುತ್ತಿತ್ತು. ಬೇರೆ ಆಟಗಾರರನ್ನು ಬಾಯಿಗೆ ಬಂದಂತೆ ಬೈಯಬಹುದಿತ್ತು, ಇವರಿಗೆ ಮಾತ್ರ, “ಅಳಿಯಂದ್ರೇ, ದಯವಿಟ್ಟು ಬೀಳಿ!” ಎಂದು ಕೂಗಬೇಕಿತ್ತು. ಇಸ್ತ್ರಿ ಅಂಗಿಯ ಅಳಿಯಂದ್ರು ಬೀಳಲಿಲ್ಲ. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚುತ್ತಿದ್ದರು.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವರು ಗೋಲಿನ ಕಂಬಕ್ಕೆ ಒರಗಿ ಮೆಲ್ಲಗೆ ಹೇಳಿದರು: “ಅಣ್ಣ, ನಂಗೆ ಬಾಲ್ ಕಂಡ್ರೆ ಭಯ. ಮಾವ ಹೇಳ್ತಾರೆ ಅಂತ ನಿಲ್ತೀನಿ. ಯಾರಿಗೂ ಹೇಳ್ಬೇಡಿ.”

“ಛೆ, ಹೇಳ್ತೀನಾ?” ಎಂದೆ.

ಮುಂದಿನ ವಾರ ದೇವನಹಳ್ಳಿಯಲ್ಲಿ ಐದು ಗೋಲಿನಿಂದ ಸೋತೆವು. ಯಜಮಾನರು ಮೈದಾನಕ್ಕೆಲ್ಲ ಕೇಳುವಂತೆ, “ಕೋಚೇ ದಂಡ! ಸೊಟ್ಟ ಬೆರಳಿನೋನು ಏನ್ ಕಲಿಸ್ತಾನೆ?” ಎಂದರು.

ನನಗೆ ರೇಗಿಹೋಯಿತು. “ಯಜಮಾನ್ರೇ, ನಿಮ್ಮಳಿಯಂಗೆ ಬಾಲ್ ಕಂಡ್ರೆ ಭಯ! ಅವರೇ ನನ್ನ ಹತ್ರ ಹೇಳವ್ರೆ, ಬೇಕಾದ್ರೆ ಕೇಳಿ!”

ಜನ ಬಿದ್ದು ಬಿದ್ದು ನಕ್ಕರು. ದೇವನಹಳ್ಳಿಯವರು ತಮ್ಮ ಐದು ಗೋಲಿಗೂ ಅಷ್ಟು ಖುಷಿಪಟ್ಟಿರಲಿಲ್ಲ. ಅಳಿಯಂದ್ರು ಯಾರ ಮುಖವನ್ನೂ ನೋಡದೆ ಹೋಗಿ ಬಸ್ಸಿನಲ್ಲಿ ಕೂತರು. ಮತ್ತೆ ಮೈದಾನಕ್ಕೆ ಬರಲಿಲ್ಲ. ಯಜಮಾನರು ನನ್ನನ್ನು ತೆಗೆಯಲೂ ಇಲ್ಲ. ತೆಗೆದರೆ ಅಳಿಯನ ಸುದ್ದಿ ಊರ ಬಾಯಲ್ಲಿ ಇನ್ನಷ್ಟು ದಿನ ಉಳಿಯುತ್ತಿತ್ತು.

ಎಂಟು ದಿನ ತಡೆದು ನಾನೇ ಅವರ ಅಂಗಡಿಗೆ ಹೋದೆ. ಅಳಿಯಂದ್ರು ಸೀರೆ ಮಡಿಸುತ್ತಿದ್ದರು.

“ತಪ್ಪಾಯ್ತು,” ಎಂದೆ.

“ಹೋಗ್ಲಿ ಬಿಡಿ. ಗೋಲಲ್ಲಿ ನಿಲ್ಲೋದಾದ್ರೂ ತಪ್ತು,” ಎಂದು ಕಾಫಿ ತರಿಸಿದರು. ಆಮೇಲೆ ಕೇಳಿದರು: “ನಿಮಗೆ ಯಾವತ್ತೂ ಭಯ ಆಗಿರ್ಲಿಲ್ವಾ, ಅಣ್ಣ?”

“ಇಲ್ಲ,” ಎಂದೆ. ಶುದ್ಧ ಸುಳ್ಳು. ಭಯವಿಲ್ಲದೆ ನಿಂತ ಒಂದು ಆಟವೂ ನನಗೆ ನೆನಪಿಲ್ಲ. ಆದರೆ ನಾನು ಕೋಚು. ಕಾಫಿ ಮುಗಿಸಿ, ಹೊಸ ಗೋಲ್‌ಕೀಪರನ್ನು ಬೈಯಲು ಮೈದಾನಕ್ಕೆ ಹೋದೆ.